ಕಿವಿಗೆ ಎಟುಕದ ಕೈ

ಬಳ್ಳಾರಿಯ ಪಾರ್ವತಿನಗರಕ್ಕೆ ಬಂದು ಜಯತೀರ್ಥ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಫುಟ್‌ಬಾಲ್ ಮೇಷ್ಟ್ರು ಅಂತ ಕೇಳಿ, ಇಸ್ತ್ರಿ ಅಂಗಡಿಯವನು ಸಹ ಗೇಟಿನವರೆಗೆ ಬಂದು ಬಿಟ್ಟು ಹೋಗುತ್ತಾನೆ. ತಮಾಷೆ ಏನೆಂದರೆ, ನಾನು ಜನ್ಮದಲ್ಲಿ ಚೆಂಡು ಒದ್ದವನಲ್ಲ. ಒಂದು ಸಲ ಒದೆಯಲು ಹೋದಾಗ ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಹೋಗಿ ಹೆಡ್‌ಮೇಷ್ಟ್ರ ಮೇಜಿನ ಮೇಲೆ ಬಿತ್ತು. ಅದನ್ನು ಆಟ ಅನ್ನಲಾಗದು. ಆದರೂ ಈ ಹೆಸರು ಬಂದದ್ದು ಹನ್ನೆರಡು ವರ್ಷದ ಹಿಂದೆ ಒಂದು ಪತ್ರಿಕೆಯಲ್ಲಿ ನನ್ನ ಫೋಟೋ ಬಂದದ್ದರಿಂದ. ಅದರ ಮೇಲೆ ದಪ್ಪಕ್ಷರದಲ್ಲಿ, 'ಒಂದನೇ ತರಗತಿಯಲ್ಲೇ ತೋಳು ಗುರುತಿಸಿದ ಗುರು' ಎಂದು ಹಾಕಿದ್ದರು. ಆ ತುಂಡಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ರಾಯರ ಫೋಟೋದ ಪಕ್ಕದಲ್ಲೇ ತೂಗುಹಾಕಿದೆ. ರಾಯರ ಸರಿಸಮ ಬೇಡ ಎಂದು ನನ್ನ ಹೆಂಡತಿ ಇಂದಿರಾಬಾಯಿ ತಕರಾರು ತೆಗೆದಳು. ಒಂದು ಗೇಣು ಕೆಳಗಿಳಿಸಿ ರಾಜಿ ಮಾಡಿಕೊಂಡೆವು.

ಆ ತೋಳು ಅಂಜಿನೇಯನದು. ಊರವರ ಬಾಯಲ್ಲಿ ಅಂಜಿನಿ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನವನು, ದುಡ್ಡು ತೆಗೆದುಕೊಂಡು ಫುಟ್‌ಬಾಲ್ ಆಡುವ ನಮ್ಮ ಸೀಮೆಯ ಒಬ್ಬನೇ ಒಬ್ಬ ಗೋಲ್‌ಕೀಪರ್. ಪತ್ರಿಕೆಯವರು ಬಂದು, 'ಇವನಲ್ಲಿ ಪ್ರತಿಭೆ ಇದೆ ಅಂತ ನಿಮಗೆ ಯಾವಾಗ ಗೊತ್ತಾಯಿತು?' ಎಂದು ಕೇಳಿದಾಗ ನಾನು, 'ಶಾಲೆಗೆ ಸೇರಿಸಿಕೊಂಡ ದಿನವೇ' ಅಂದೆ. 'ಕಿವಿ ಮುಟ್ಟು ಅಂದೆ, ಕೈ ಸರಕ್ಕನೆ ತಲೆ ದಾಟಿ ಕಿವಿಯನ್ನೂ ದಾಟಿ ಹೋಯಿತು' ಅಂದೆ. ಅವರು ಬರೆದುಕೊಂಡರು. ಅದು ಶುದ್ಧ ಸುಳ್ಳು.

ಈಗಿನವರಿಗೆ ಈ ಕಿವಿ ಮುಟ್ಟಿಸುವ ಶಾಸ್ತ್ರ ಗೊತ್ತಿರಲಿಕ್ಕಿಲ್ಲ. ಆಗ ನಮ್ಮ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಜನನ ಪತ್ರ ಎಂಬ ಕಾಗದವನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಮಗುವನ್ನು ಮೇಷ್ಟ್ರ ಮುಂದೆ ನಿಲ್ಲಿಸುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಅರ್ಥ, ಮುಟ್ಟದಿದ್ದರೆ ಬರುವ ವರ್ಷ ಬಾ. ಮುಟ್ಟಿದವರಿಗೆಲ್ಲ ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದನೇ ತಾರೀಖು ಎಂದು ಬರೆದುಬಿಡುತ್ತಿದ್ದೆವು. ನನ್ನ ಕೈಯಲ್ಲಿ ದಾಖಲಾದ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಆ ಒಂದು ದಿನ ಸೂಲಗಿತ್ತಿ ಹೇಗೆ ಸುಧಾರಿಸಿದಳೋ ದೇವರಿಗೇ ಗೊತ್ತು.

ತೊಂಬತ್ತಾರನೇ ಇಸವಿ, ಜುಲೈ ಕೊನೆಯ ದಿನ. ನಾನು ದೇಶನೂರಿನಾಚೆಯ ಒಂದು ಕ್ಯಾಂಪಿನ, ಅಂದರೆ ಕಾಲುವೆ ನೀರು ನಂಬಿ ವಲಸೆ ಬಂದ ರೈತರ ಸಣ್ಣ ಊರಿನ, ಶಾಲೆಯಲ್ಲಿ ಎರಡನೇ ಮೇಷ್ಟ್ರು. ಕ್ಯಾಂಪಿನ ಹೆಸರು ಬೇಡ, ಪಾಪ, ಅಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ. ನಲವತ್ತು ಮಕ್ಕಳಿದ್ದರೆ ಇಬ್ಬರು ಮೇಷ್ಟ್ರು, ಇಲ್ಲದಿದ್ದರೆ ಒಬ್ಬನೇ ಎಂದು ನಿಯಮ. ನಮ್ಮಲ್ಲಿ ಮೂವತ್ತೊಂಬತ್ತು ಇದ್ದವು. ಮಾರನೇ ದಿನ ಇನ್‌ಸ್ಪೆಕ್ಟರು ತಲೆ ಎಣಿಸಲು ಬರುವವರಿದ್ದರು. ನಲವತ್ತನೆಯ ತಲೆ ಸಿಗದಿದ್ದರೆ ಜಿಲ್ಲೆಯ ಇನ್ನೊಂದು ತುದಿಗೆ ನನ್ನ ಎತ್ತಂಗಡಿ. ಅದೇ ತಿಂಗಳು ನಾವು ಸಿರುಗುಪ್ಪದಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಮನೆಯೊಳಗೇ ನೀರಿನ ನಳ, ಹಿತ್ತಲಲ್ಲಿ ತುಳಸಿಕಟ್ಟೆ. ಇಂದಿರಾಬಾಯಿ ಆ ನಳವನ್ನು ಬಿಟ್ಟು ಬರುವ ಹೆಂಗಸಲ್ಲ.

ಅವತ್ತು ಮಧ್ಯಾಹ್ನ ಹೊನ್ನೂರಮ್ಮ ಎಂಬಾಕೆ ನಾಟಿ ಹಚ್ಚಲು ಹೋಗುತ್ತ, ಮಗನನ್ನು ಸೊಂಟದಿಂದ ಇಳಿಸಿ ಶಾಲೆಯ ಬಾಗಿಲಲ್ಲಿ ನಿಲ್ಲಿಸಿದಳು. ಸೊಂಟದಿಂದ ಇಳಿದ ಮಗುವಿಗೆ ಆರು ವರ್ಷ ಆಗಿರುವುದಿಲ್ಲ ಎಂದು ತಿಳಿಯಲು ಬಿ.ಎಡ್. ಬೇಕಿಲ್ಲ. ನಾನು ಅವನ ಕೈ ಎತ್ತಿಸಿದೆ. ಅದು ನೆತ್ತಿಯ ಮೇಲೆ ಬಂದು ನಿಂತಿತು. ತಲೆಯನ್ನು ಕೈಯ ಕಡೆ ಬಗ್ಗಿಸಿದೆ. ನಾಲ್ಕು ಬೆರಳು ಕಡಿಮೆ ಬಿತ್ತು. ಕೈ ಜಗ್ಗಿದೆ, ಎರಡು ಬೆರಳು ಕಡಿಮೆ. ಕೊನೆಗೆ ಆ ಹುಡುಗನ ಕಿವಿಯನ್ನೇ ಹಿಡಿದು ಮೇಲಕ್ಕೆ ಎಳೆದೆ. ಅವನು 'ಯವ್ವಾ' ಎಂದು ಕಿರುಚಿದ್ದಕ್ಕೂ ನಾನು 'ಮುಟ್ಟಿತು' ಎಂದು ಕೂಗಿದ್ದಕ್ಕೂ ಸರಿಹೋಯಿತು. ದಾಖಲಾತಿ ಪುಸ್ತಕದಲ್ಲಿ ಬರೆದೆ: ಅಂಜಿನೇಯ, ಜನನ 1-6-1990. ಮನೆಗೆ ಹೋಗಿ ಇಂದಿರಾಬಾಯಿಗೆ ಇದನ್ನು ಅಭಿನಯ ಮಾಡಿ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಎರಡು ವರ್ಷ ಮೊದಲೇ ಬಂದ ಕಾರಣ ಅಂಜಿನಿ ತರಗತಿಗೆಲ್ಲ ಚಿಕ್ಕವನಾದ. ಇಲಾಖೆಯಿಂದ ಒಂದು ಫುಟ್‌ಬಾಲೂ ಎರಡು ಹಗ್ಗವೂ ಬಂದಾಗ ದೊಡ್ಡ ಹುಡುಗರು ಒದೆಯುವ ಕೆಲಸವನ್ನು ತಾವು ಇಟ್ಟುಕೊಂಡು ಇವನನ್ನು ಗೋಲಿಗೆ ನಿಲ್ಲಿಸಿದರು. ಭತ್ತ ಕೊಯ್ದ ಗದ್ದೆಯೇ ಮೈದಾನ. ಗೋಲಿನ ಹಿಂದೆ ಕಾಲುವೆ. ಚೆಂಡು ಕಾಲುವೆಗೆ ಬಿದ್ದರೆ ಬಿಟ್ಟವನೇ ಇಳಿದು ತರಬೇಕು. ಆ ಕಾಲುವೆಯಲ್ಲಿ ನೀರಹಾವುಗಳು ಇದ್ದವು. ಅಂಜಿನಿಗೆ ಹಾವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೀಗಾಗಿ ಚೆಂಡನ್ನು ಹೊಟ್ಟೆಯಿಂದಲೋ ಮೂತಿಯಿಂದಲೋ, ಹೇಗಾದರೂ ತಡೆಯುವುದನ್ನು ಅವನು ಕಲಿತ. ನಾನು ಬದುವಿನ ಮೇಲೆ ಕೊಡೆ ಹಿಡಿದು ಕೂತು ಇಲಾಖೆಯ ಸುತ್ತೋಲೆ ಓದುತ್ತಿದ್ದೆ. ನನ್ನ ತರಬೇತಿ ಅಂದರೆ ಅಷ್ಟೇ.

ಆಮೇಲೆ ಅವನು ಸಿರುಗುಪ್ಪದ ಹೈಸ್ಕೂಲಿಗೆ ಹೋದ, ಅಲ್ಲಿಂದ ಬಳ್ಳಾರಿಯ ಕ್ರೀಡಾ ಹಾಸ್ಟೆಲ್ಲಿಗೆ. ಹದಿನೈದಕ್ಕೆ ತೋಳು ನಿಜಕ್ಕೂ ಬೆಳೆದವು, ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆಯ ಹಾಗೆ. ಬೆಂಗಳೂರಿನ ಒಂದು ಕ್ಲಬ್ಬು ಕರೆಯಿತು. ಆಮೇಲೆ ಕೋಲ್ಕತ್ತಾ, ಗೋವಾ, ಕೇರಳ, ಮತ್ತೆ ಬೆಂಗಳೂರು. ಒಟ್ಟು ಏಳು ಕ್ಲಬ್ಬು, ಏಳರಲ್ಲೂ ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಕಾಲು ಉಳುಕಿದರೆ ಇವನಿಗೆ ಒಂದು ಪಂದ್ಯ, ಇಲ್ಲದಿದ್ದರೆ ಬೆಂಚು. ಹೊನ್ನೂರಮ್ಮನಿಗೆ ಇದು ಇವತ್ತಿಗೂ ತಿಳಿದಿಲ್ಲ. "ಕುಂದ್ರಾಕ ಸಂಬಳ ಕೊಡ್ತಾರೇನ್ರಿ ಸಾರ್?" ಎಂದು ನನ್ನನ್ನು ಕೇಳಿದ್ದಳು. "ನಮ್ಮೂರಾಗ ದಿನಾ ಕಟ್ಟಿ ಮ್ಯಾಲೆ ಕುಂದ್ರಾರಿಗೆ ಯಾರೂ ಒಂದು ಚಾ ಸೈತ ಕೊಡಂಗಿಲ್ಲ." ಪತ್ರಿಕೆಯವರು ಸಿಕ್ಕಾಗಲೆಲ್ಲ ಅಂಜಿನಿ ಮಾತ್ರ ನನ್ನ ಹೆಸರು ಹೇಳುತ್ತಿದ್ದ. 'ನನ್ನ ತೋಳು ಮೊದಲು ನೋಡಿದವರು ನಮ್ಮ ಮೇಷ್ಟ್ರು' ಎನ್ನುತ್ತಿದ್ದ. ನಾನು ನಾಲ್ಕು ಪ್ರತಿ ಕೊಂಡು ತರುತ್ತಿದ್ದೆ.

ಹೀಗೆ ಸುಖವಾಗಿದ್ದವನ ಮನೆಗೆ ಈ ವರ್ಷ ಮೇ ತಿಂಗಳಲ್ಲಿ ಅಂಜಿನಿ ಬಂದ. ಬಿಸಿಲು ಬಳ್ಳಾರಿಯ ಬಿಸಿಲೇ. ಇಂದಿರಾಬಾಯಿ ಒಗ್ಗರಣೆ ಮಂಡಕ್ಕಿಯನ್ನೂ ಮಜ್ಜಿಗೆಯನ್ನೂ ಮುಂದಿಟ್ಟಳು. ಅವನು ಮಂಡಕ್ಕಿಯಲ್ಲಿ ಬೆರಳಾಡಿಸುತ್ತ ವಿಷಯ ಹೇಳಿದ.

"ಸಾರ್, ನಮ್ಮ ಒಂದನೇ ಕೀಪರ್ ಬ್ಯಾರೆ ಕ್ಲಬ್ಬಿಗೆ ಹೋದ. ಈ ಸಲ ನೀನೇ ಒಂದನೇದವ ಅಂತ ಕೋಚ್ ಹೇಳ್ಯಾರ. ಹದಿನೈದು ವರ್ಷದಾಗ ಇದೇ ಮೊದಲ ಸಲ."

"ಭೇಷ್!" ಅಂದೆ. ಮನಸ್ಸಿನಲ್ಲಿ ಹೊಸ ಫೋಟೋಕ್ಕೆ ಗೋಡೆಯ ಮೇಲೆ ಜಾಗ ನೋಡಿಕೊಂಡೆ.

"ಮಾಲೀಕ್ರದು ಒಂದು ರೂಲ್ ಐತ್ರಿ. ಮೂವತ್ತೈದು ತುಂಬಿದಾರಿಗೆ ಹೊಸ ಕರಾರಿಲ್ಲ. ಜೂನ್ ಒಂದಕ್ಕ ನನಗ ಮೂವತ್ತೈದು ತುಂಬತಾವು, ಕಾಗದದಾಗ. ನಮ್ಮವ್ವ ಹೇಳೋ ಪ್ರಕಾರ ನಾ ತೊಂಬತ್ತೆರಡರಾಗ ಹುಟ್ಟೀನಿ. ಖರೇ ಅಂದ್ರ ಮೂವತ್ಮೂರು. ಮ್ಯಾನೇಜರ್‌ಗೆ ಅದನ್ನ ಹೇಳಿದೆ. ಅವರು ನಕ್ಕುಬಿಟ್ರು."

ನಗದೆ ಏನು ಮಾಡುತ್ತಾರೆ? ಆಟಗಾರರು ಎರಡು ಮೂರು ವರ್ಷ ಕಡಿಮೆ ಬರೆಸಿಕೊಂಡು ಗಡ್ಡ ಬೋಳಿಸಿ ಹದಿನೇಳರ ತಂಡಕ್ಕೆ ನುಗ್ಗುವುದು ಲೋಕಾರೂಢಿ. ಕಾಗದದಲ್ಲಿ ವಯಸ್ಸು ಜಾಸ್ತಿ ಇರುವ ಆಟಗಾರ ಭಾರತ ದೇಶದಲ್ಲಿ ಇವನೊಬ್ಬನೇ ಇದ್ದಾನು. ಆ ಅಪರೂಪದ ವಸ್ತುವನ್ನು ತಯಾರಿಸಿದವನು ಎದುರಿಗೇ ಕೂತು ಮಜ್ಜಿಗೆ ಕುಡಿಯುತ್ತಿದ್ದ.

ಅಂಜಿನಿ ತಟ್ಟೆಯಿಂದ ತಲೆ ಎತ್ತದೆ ಕೇಳಿದ: "ನೀವೇ ಅಲ್ಲೇನ್ರಿ ನನ್ನ ಸೇರಿಸಿಕೊಂಡೋರು? ಅವತ್ತಿನದು ಏನಾರ ನೆನಪೈತೇನ್ರಿ ಸಾರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನನಗೆ ತಿಳಿಯದ ಹಾಗೆ ನನ್ನ ಕಿವಿಗೇ ಹೋಯಿತು. "ಮೂವತ್ತು ವರ್ಷದ ಮಾತಪ್ಪ, ಎಷ್ಟು ಹುಡುಗರು ಬಂದ್ರು, ಎಷ್ಟು ಹೋದ್ರು, ಎಲ್ಲಿ ನೆನಪು" ಅಂದೆ. ಅಡುಗೆಮನೆಯಲ್ಲಿ ಇಂದಿರಾಬಾಯಿ ಒಂದು ಪಾತ್ರೆಯನ್ನು ಬೇಕೆಂದೇ ಜೋರಾಗಿ ಕುಕ್ಕಿದಳು.

ನಿಜ ಹೇಳಿದರೆ ಗೋಡೆಯ ಮೇಲಿನ ಗುರು ಕೆಳಗೆ ಬೀಳುತ್ತಾನೆ. ಹೇಳದಿದ್ದರೆ ಅಂಜಿನಿಯ ಆಟ ಮುಗಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ತಕ್ಷಣ ಎದ್ದು ನಿಂತು ಘೋಷಿಸಿದೆ: "ಸಾಕ್ಷಿ ಹುಡುಕೋಣು ನಡಿ!"

ಮೊದಲು ದೇಶನೂರಿಗೆ ಹೋದೆವು. ಹೊನ್ನೂರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದೆ.

"ಕಾಲುವಿ ನೀರು ಬಂದಾಗಿತ್ರಿ. ನೆಲ್ಲು ಮನಿಗೆ ಬಂದಿತ್ತು. ಎಮ್ಮಿ ಈದಿತ್ತು."

"ಯಾವ ವರ್ಷ?"

"ಎಮ್ಮಿ ಈದ ವರ್ಷ."

"ಎಮ್ಮಿ ಯಾವ ವರ್ಷ ಈದಿತ್ತು?"

"ಇವ ಹುಟ್ಟಿದ ವರ್ಷ ಅಲ್ಲೇನ್ರಿ?" ಎಂದು ನನಗೆ ಬುದ್ಧಿ ಕಡಿಮೆ ಎಂಬಂತೆ ನೋಡಿದಳು. ಆಮೇಲೆ ಮಗನಿಗೆ, "ಲೇ ಅಂಜಿನಿ, ಸಾರ್‌ಗೆ ಒಂದು ಸೋಡಾ ತರಹೋಗು" ಎಂದು ಕಳಿಸಿದಳು. ಅವನು ಓಣಿ ತಿರುಗುವವರೆಗೆ ಕಾದು ನನ್ನ ಹತ್ತಿರ ಬಂದಳು.

"ಸಾರ್, ನೀವು ಕಿವಿ ಎಳದದ್ದು ನಾ ಬಾಗಿಲಾಗ ನಿಂತು ನೋಡೀನಿ."

ನಾನು ಓಣಿಯ ಕಡೆ ನೋಡಿದೆ. "ನೋಡಿದಾಕಿ ಅವತ್ತೇ ಯಾಕ ಸುಮ್ಮನಿದ್ದಿ?"

"ನನಗೂ ಬೇಕಾಗಿತ್ರಿ. ನಾಟಿ ದಿನ, ಬದುವಿನ ಮ್ಯಾಲೆ ಕೂಸು ಮಲಗಿಸಿದ್ರ ಹಾವಿನ ಕಾಟ. ಸಾಲಿಯಾಗ ಬಿಟ್ರ ನೆರಳಾಗ ಇರ್ತಾನ ಅಂತ ನಾನೂ ಬಾಯಿ ಮುಚ್ಚಿಕೊಂಡೆ." ಅವಳು ಒಂದು ಮೆಣಸಿನಕಾಯಿ ಎತ್ತಿ ನನ್ನ ಕಡೆಗೆ ತೋರಿಸಿದಳು. "ತಾಯಿ ಮಾತು ಯಾರು ನಂಬತಾರ್ರಿ? ಎಲ್ಲಾ ತಾಯೇರೂ ನನ್ನ ಮಗ ಸಣ್ಣಾವ ಅಂತಾನ ಹೇಳ್ತಾರ. ನೀವು ಹೇಳಬೇಕು. ಯಾವಾಗ ಹೇಳ್ತೀರಿ?"

"ಹೇಳ್ತೀನಿ, ಹೇಳ್ತೀನಿ. ಮೊದಲು ಬ್ಯಾರೆ ಸಾಕ್ಷಿ ಅದ ಏನು ನೋಡೋಣು" ಅಂದೆ. "ತೊಟ್ಟಿಲು ಕಾರ್ಯ ಮಾಡಿದ್ರೆಲ್ಲ, ಯಾರರೆ ಪಾತ್ರಿ ಕೊಟ್ಟಿದ್ರೇನು? ಪಾತ್ರಿ ಮ್ಯಾಲೆ ಹೆಸರು, ತಾರೀಖು ಹಾಕಸ್ತಾರೆಲ್ಲ?"

ಇದು ನನ್ನ ತಲೆಗೆ ಹೊಳೆದದ್ದಕ್ಕೆ ನನಗೇ ಹೆಮ್ಮೆಯಾಯಿತು. ನಮ್ಮ ಕಡೆ ಉಡುಗೊರೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಕಾರ್ಯದ ಹೆಸರು, ತಾರೀಖು ಕೆತ್ತಿಸದೆ ಯಾರೂ ಕೊಡುವುದಿಲ್ಲ. ಕೊಟ್ಟಿದ್ದು ಮರೆತುಹೋದೀತು ಎಂಬ ಭಯ. ಹೊನ್ನೂರಮ್ಮನಿಗೂ ನೆನಪಾಯಿತು. ಅವಳ ಅಣ್ಣ ಎರ್ರಣ್ಣ ಒಂದು ಸ್ಟೀಲಿನ ಕೊಡ ಕೊಟ್ಟಿದ್ದ. ಕೊಡ ಎಲ್ಲಿದೆ? ಮಗಳು ರೇಣುಕಾಳ ಮದುವೆಯಲ್ಲಿ ಕುರುಗೋಡಿಗೆ ಹೋಗಿತ್ತು. ಅಷ್ಟರಲ್ಲಿ ಸೋಡಾ ಬಂತು. ನಾನು ಅದನ್ನು ಒಂದೇ ಗುಟುಕಿಗೆ ಕುಡಿದೆ.

ಮಾರನೇ ದಿನ ಕುರುಗೋಡು. ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ ರೇಣುಕಾಳ ಮನೆ. ಕೊಡ ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರು ತುಂಬಿಕೊಂಡು ಕೂತಿತ್ತು. ನೀರು ಚೆಲ್ಲಿಸಿ, ಬೂದಿ ಹಾಕಿ ಉಜ್ಜಿಸಿ, ನಾನು ಕನ್ನಡಕ ಏರಿಸಿದೆ. ಕೊಡದ ಮೈಮೇಲೆ ಮೂರು ಬರಹ ಇದ್ದವು. ಕೆಳಗೆ, 'ಚಿ.ಸೌ. ರೇಣುಕಾಳ ಮದುವೆಗೆ ತವರಿನವರಿಂದ.' ನಡುವೆ, ಯಾರೋ ಸಿರುಗುಪ್ಪದವರ ಗೃಹಪ್ರವೇಶಕ್ಕೆ ಇನ್ಯಾರೋ ಕೊಟ್ಟದ್ದು. ಅಂದರೆ ಈ ಕೊಡ ಒಮ್ಮೆ ಉಡುಗೊರೆಯಾಗಿ ಮನೆಯಿಂದ ಹೋಗಿ, ಊರೆಲ್ಲ ತಿರುಗಿ, ಇನ್ನೊಂದು ಉಡುಗೊರೆಯಾಗಿ ವಾಪಸ್ ಬಂದಿತ್ತು. ಯಾರು ಯಾರಿಗೆ ಕೊಟ್ಟರು ಎಂದು ಅಕ್ಕ ತಮ್ಮ ಇಬ್ಬರೂ ಅಲ್ಲೇ ಒಂದು ಸುತ್ತು ಜಗಳ ಮಾಡಿದರು. ಎಲ್ಲಕ್ಕಿಂತ ಮೇಲೆ, ಸವೆದ ಅಕ್ಷರದಲ್ಲಿ ಇತ್ತು: 'ಚಿ. ಅಂಜಿನೇಯನ ತೊಟ್ಟಿಲು ಕಾರ್ಯಕ್ಕೆ ಸೋದರಮಾವ ಎರ್ರಣ್ಣ, 24-5-92.'

ನಾನು ಕುಣಿಯುವುದೊಂದು ಬಾಕಿ. ಕೋಲೂ ಉಳಿಯಿತು, ಹಾವೂ ಬದುಕಿತು! ಅಂಜಿನಿ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದ. ರೇಣುಕಾ ಚಹಾ ಇಡುವಷ್ಟರಲ್ಲಿ ಅವರ ಧ್ವನಿಸಂದೇಶ ಬಂತು. ಬೆಂಗಳೂರಿನ ಕನ್ನಡ, ನಡುನಡುವೆ ನಗು.

"ಅಂಜಿನಿ, ಹೋದ ವರ್ಷ ಒಬ್ಬ ದೇವಸ್ಥಾನದ ಗಂಟೆ ಫೋಟೋ ಕಳ್ಸಿದ್ದ, ಅವನು ಹುಟ್ಟಿದಾಗ ಅವರಪ್ಪ ಕೊಟ್ಟಿದ್ದಂತೆ. ಈಗ ನೀನು ಕೊಡ ಕಳ್ಸಿದ್ದೀಯ. ಪಾತ್ರೆ ಮೇಲೆ ಹೆಸರು ಹಾಕೋ ಮಿಷನ್ ನಮ್ಮ ಬೀದೀಲೂ ಇದೆ ಕಣಪ್ಪ, ಯಾವ ತಾರೀಖು ಬೇಕಾದ್ರೂ ಹಾಕ್ಕೊಡ್ತಾನೆ. ನಿನ್ನ ವಯಸ್ಸು ಬರೆದ ಮೇಷ್ಟ್ರು ಇದ್ದಾರಾ? ಅವರು ನನ್ನೆದುರು ನಿಂತು, ನಾನೇ ತಪ್ಪು ಬರೆದೆ ಅಂತ ಹೇಳ್ಲಿ. ಮಾಲೀಕರನ್ನ ನಾನು ಒಪ್ಪಿಸ್ತೀನಿ. ಭಾನುವಾರ ಬಳ್ಳಾರಿಗೇ ಬರ್ತಿದ್ದೀನಿ, ಹುಡುಗರ ಆಯ್ಕೆ ಇದೆ. ಆದ್ರೆ ಹಾಗೆ ಹೇಳೋ ಮೇಷ್ಟ್ರನ್ನ ಇವತ್ತಿನವರೆಗೂ ನಾನು ನೋಡಿಲ್ಲ."

ನಾನು ಕೊಡದ ಮೇಲಿನ ಅಕ್ಷರಗಳನ್ನು ಮೊದಲಿಂದ ಓದತೊಡಗಿದೆ. ಅಂಜಿನಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಬಿಡ್ರಿ ಸಾರ್, ಸಾಕು" ಅಂದ. "ನಿಮಗ ನೆನಪಿಲ್ಲ ಅಂದ್ರ ಇಲ್ಲ. ಸಿರುಗುಪ್ಪದಾಗ ಹುಡುಗರಿಗೆ ಆಟ ಕಲಿಸಿಕೊಂಡು ಇರ್ತೀನಿ. ನೀವು ಈ ಬಿಸಿಲಾಗ ಎರಡು ದಿನ ತಿರುಗಿದ್ರಲ್ಲ, ಅಷ್ಟೇ ದೊಡ್ಡದು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ದೊಣ್ಣೆ ತಪ್ಪಿತ್ತು. ಬಳ್ಳಾರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನನಗೆ ನಿರಾಳ ಆಗಬೇಕಿತ್ತು. ಆಗಲಿಲ್ಲ. ಅಂಜಿನಿ ನನ್ನ ಪಕ್ಕದಲ್ಲಿ ಕೂತು, ಆ ಉದ್ದನೆಯ ಕೈಗಳನ್ನು ಮಡಿಲಲ್ಲಿ ಮಡಚಿಟ್ಟುಕೊಂಡು ನಿದ್ದೆ ಹೋಗಿದ್ದ. ಹದಿನೈದು ವರ್ಷ ಬೆಂಚಿನ ಮೇಲೆ ಕೂತು ಅವನಿಗೆ ಕೂತಲ್ಲೇ ನಿದ್ದೆ ಮಾಡುವ ಅಭ್ಯಾಸವಾಗಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಆದರೂ ಬಾಯಿ ಬಿಡಲಿಲ್ಲ, ಅಂಥ ಹೇಡಿ ನಾನು.

ಮರುದಿನ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತೆ. ಆಚಮನ ಮಾಡಿ ಬಲಗಿವಿ ಮುಟ್ಟಿಕೊಳ್ಳಬೇಕು. ಕೈ ಅರ್ಧಕ್ಕೆ ನಿಂತಿತು. ಹೂ ಬಿಡಿಸಿಕೊಂಡು ಬಂದ ಇಂದಿರಾಬಾಯಿ ಬಾಗಿಲಲ್ಲೇ ನಿಂತಳು. ಮ್ಯಾನೇಜರ ಮಾತನ್ನು ರಾತ್ರಿಯೇ ಅವಳಿಗೆ ಹೇಳಿದ್ದೆ.

"ಯಾಕ್ರೀ, ನಿಮ್ಮ ಕೈನೂ ಎಟುಕವಲ್ತೇನು? ಎಳೀಲೇನು ಕಿವಿ?"

"ಇಂದಿರಾ, ಎಲ್ಲಾರ ಮುಂದ ನನ್ನ ಮಾನ ಹೋಗ್ತದ."

"ಎಲ್ಲಾರ ಮುಂದ ಎಲ್ಲಿ? ಆ ಒಬ್ಬ ಮ್ಯಾನೇಜರ್ ಮುಂದ. ಹೋಗ್ಲಿ ಬಿಡ್ರಿ. ಇಷ್ಟು ವರ್ಷ ಪುಕ್ಕಟೆ ಮಾನ ಉಂಡೀರಿ. ಆ ನಳದ ಮನಿಯಾಗ ಹನ್ನೊಂದು ವರ್ಷ ಸುಖವಾಗಿದ್ದಾಕಿ ನಾನೂ ಹೌದು. ನೀವು ಹೋಗಲಿಲ್ಲಂದ್ರ ನಾನೇ ಹೋಗಿ ಹೇಳ್ತೀನಿ, ಅಭಿನಯ ಸಮೇತ."

ಅಭಿನಯ ಅಂದದ್ದಕ್ಕೆ ನಾನು ಎದ್ದೆ. ಆ ಕಥೆಯನ್ನು ಅವಳ ಬಾಯಿಗೆ ಬಿಟ್ಟರೆ ಬಳ್ಳಾರಿ ತುಂಬ ನಗು.

ಭಾನುವಾರ ಒಂಬತ್ತಕ್ಕೇ ಮೈದಾನ ಕಾದ ಹಂಚಾಗಿತ್ತು. ಹುಡುಗರು ಸಾಲು ನಿಂತು ಚೆಂಡು ಒದೆಯುತ್ತಿದ್ದರು, ಗೋಲಿನಲ್ಲಿ ಅಂಜಿನಿ ಇದ್ದ. ಕರಾರು ಸಿಗುವುದಿಲ್ಲ ಎಂದು ಗೊತ್ತಿದ್ದೂ ಮ್ಯಾನೇಜರಿಗೆ ಸಹಾಯ ಮಾಡಲು ಬಂದಿದ್ದ. ಒಂದು ಚೆಂಡೂ ಅವನನ್ನು ದಾಟುತ್ತಿರಲಿಲ್ಲ. ನಾನು ಮೊದಲ ಬಾರಿಗೆ ಸುತ್ತೋಲೆ ಇಲ್ಲದೆ ಅವನ ಆಟ ನೋಡಿದೆ. ಅವನು ಬಲಕ್ಕೆ ಹಾರಿ, ಎದ್ದು, ಎಡಕ್ಕೆ ಹಾರಿ, ಮೇಲೆ ಎದ್ದು ಹುಡುಗನ ಬೆನ್ನು ತಟ್ಟುತ್ತಿದ್ದ. ಎಂಥ ಚೆಂದದ ಆಟ! ಇದನ್ನು ಏಳು ಕ್ಲಬ್ಬಿನವರು ಬೆಂಚಿನ ಮೇಲೆ ಕೂರಿಸಿದ್ದರಲ್ಲ ಎಂದು ಅವರಿಗೆಲ್ಲ ಮನಸ್ಸಿನಲ್ಲೇ ಬೈದೆ. ಎಂಟನೆಯವನಾಗಿ ನನಗೂ ಬೈದುಕೊಂಡೆ.

ಮ್ಯಾನೇಜರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಐವತ್ತರ ಆಸುಪಾಸಿನ ದಪ್ಪನೆಯ ಮನುಷ್ಯ, ತಲೆಗೆ ಒದ್ದೆ ಟವೆಲ್. ನಾನು ಹೋಗಿ ಕೈಮುಗಿದೆ. ಅಂಜಿನಿ ನನ್ನನ್ನು ಕಂಡು ಗೋಲು ಬಿಟ್ಟು ಓಡಿ ಬಂದ. ಅವನು ಬರುವ ಮೊದಲೇ ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಆದರೆ ಅವನ ಕಾಲು ವೇಗ, ನನ್ನ ನಾಲಿಗೆ ನಿಧಾನ.

"ನಾನು ಜಯತೀರ್ಥ. ಇವನ ವಯಸ್ಸು ಬರೆದವನು. ಸುಳ್ಳು ಬರದೀನಿ."

"ಹೌದಾ? ಹೇಗೆ ಬರೆದ್ರಿ?" ಮ್ಯಾನೇಜರು ಟವೆಲ್ ತೆಗೆದರು.

"ಕೈ ಕಿವಿಗೆ ಎಟುಕಲಿಲ್ಲ. ನೆತ್ತಿಗೆ ಬಂದು ನಿಂತಿತು. ತಲಿ ಬಗ್ಗಿಸಿದೆ, ಕೈ ಜಗ್ಗಿದೆ, ಆದರೂ ಆಗಲಿಲ್ಲ. ಕಿವಿ ಎಳದೆ."

"ಕಿವಿ ಎಳೆದ್ರಾ?"

"ಎಳದೆ. ಆರು ವರ್ಷ ಅಂತ ಬರದೆ. ಇವನಿಗೆ ನಾಲ್ಕು ತುಂಬಿತ್ತು ಅಷ್ಟೇ. ಒಂದು ತಲಿ ಕಡಿಮಿ ಇತ್ತು, ಇಲ್ಲಂದ್ರ ನನಗ ವರ್ಗ ಆಗ್ತಿತ್ತು. ಪೇಪರಿನಾಗ ತೋಳು ಗುರುತಿಸಿದೆ ಅಂತ ಹೇಳಿದ್ದೂ ಸುಳ್ಳು. ನಾ ಏನೂ ಗುರುತಿಸಿಲ್ಲ. ಬದುವಿನ ಮ್ಯಾಲೆ ಕೊಡಿ ಹಿಡಕೊಂಡು ಕೂತಿದ್ದೆ." ಜೇಬಿನಲ್ಲಿ ಪೆನ್ನು ಹುಡುಕಿದೆ, ಇರಲಿಲ್ಲ. "ಬೇಕಂದ್ರ ಬರೆದು ಸಹಿ ಮಾಡಿ ಕೊಡ್ತೀನಿ."

ಮ್ಯಾನೇಜರ ಹೊಟ್ಟೆ ಕುಲುಕಾಡಲು ಶುರುವಾಯಿತು. ಕುರ್ಚಿ ಕಿರುಗುಟ್ಟುವಷ್ಟು ನಕ್ಕರು. ಟವೆಲಿನಿಂದ ಕಣ್ಣೊರೆಸಿಕೊಂಡರು. "ಇಪ್ಪತ್ತು ವರ್ಷದಿಂದ ವಯಸ್ಸಿನ ಕಳ್ಳರನ್ನ ಹಿಡೀತಿದ್ದೀನಿ ಮೇಷ್ಟ್ರೇ. ಕಿವಿ ಎಳೆದು ದೊಡ್ಡವನನ್ನ ಮಾಡಿದವರು ನೀವೊಬ್ರೇ. ಇಂಥ ಸುಳ್ಳನ್ನ ಯಾರೂ ಕಟ್ಟೋಕಾಗಲ್ಲ, ಇದು ನಿಜಾನೇ. ಬರೆದು ಕೊಡಿ." ಅಂಜಿನಿಯ ಕಡೆ ತಿರುಗಿದರು. "ಒಂದು ಸೀಸನ್ ಆಡು. ಮುಂದಿನದ್ದು ಆಮೇಲೆ ನೋಡೋಣ. ಮಾಲೀಕರಿಗೆ ನಾನು ಹೇಳ್ತೀನಿ."

ಅವರು ಕಾಗದ ತರಲು ಕಾರಿನ ಕಡೆ ಹೋದರು. ನಾನೂ ಅಂಜಿನಿಯೂ ಇಬ್ಬರೇ ಉಳಿದೆವು. ಅವನು ಗ್ಲೌಸು ಬಿಚ್ಚುತ್ತಿದ್ದ. ಈಗ ಬೈಯುತ್ತಾನೆ ಎಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು.

"ಸಿಟ್ಟು ಬಂದ್ರ ಬೈದುಬಿಡೋ ಅಂಜಿನಿ. ನಿನ್ನ ಎರಡು ವರ್ಷ ನುಂಗಿದವ ನಾನೇ."

"ನನಗ ಗೊತ್ತಿತ್ರಿ ಸಾರ್."

"ಏನು ಗೊತ್ತಿತ್ತು? ನಿಮ್ಮವ್ವ ಹೇಳಿದಳೇನು?"

"ಅವ್ವ ಹೇಳಿಲ್ಲ. ನನ್ನ ಮಗಳು ಮೌನಿಕಾಗ ನಾಲ್ಕು ತುಂಬಿದಾಗ ನಾನೇ ಆಕಿ ಕೈ ಎತ್ತಿಸಿ ನೋಡಿದ್ದೆ. ನನ್ನಂಗ ಐತೇನೋ ತೋಳು ಅಂತ ಆಸೆ. ನೆತ್ತಿಗೆ ನಿಂತಿತು. ಓಣಿಯಾಗಿನ ನಾಲ್ಕು ವರ್ಷದ ಹುಡುಗರನ್ನೆಲ್ಲ ಕರದು ನೋಡಿದೆ. ಯಾರದೂ ಎಟುಕಲಿಲ್ಲ. ಅವತ್ತ ತಿಳೀತು." ಅವನು ಗ್ಲೌಸನ್ನು ಒಂದರೊಳಗೊಂದು ತುರುಕಿದ. "ಐದು ವರ್ಷ ಆತು."

ಐದು ವರ್ಷ. ಹೋದ ವರ್ಷ ಕೂಡ ಟಿವಿಯಲ್ಲಿ ಅವನು ನನ್ನ ಹೆಸರು ಹೇಳಿದ್ದ, ತೋಳು ಮೊದಲು ನೋಡಿದವರು ನಮ್ಮ ಮೇಷ್ಟ್ರು ಅಂತ. ನಾನು ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಆ ತುಣುಕನ್ನು ತೋರಿಸಿದ್ದೆ.

"ಗೊತ್ತಿದ್ದೂ ಹಂಗ್ಯಾಕ ಹೇಳಿದ್ಯೋ?"

"ನೀವು ಖುಷಿ ಪಡ್ತಿದ್ರಿ ಸಾರ್."

"ಮೊನ್ನೆ ಮನಿಗೆ ಬಂದಾಗ ನೇರ ಕೇಳಬೇಕಿತ್ತು. ಕೊಳ್ಳಪಟ್ಟಿ ಹಿಡಿದು ಕೇಳಬೇಕಿತ್ತು!"

"ಕೇಳಿದ್ನೆಲ್ರಿ. ನೆನಪಿಲ್ಲ ಅಂದ್ರಿ." ಅವನು ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆಯಾಗಬಾರದೆಂದು ನೋಡಲಿಲ್ಲ. "ಎರಡನೇ ಸಲ ಹೆಂಗ ಕೇಳ್ಲಿ? ನೀವು ನಮ್ಮ ಮೇಷ್ಟ್ರು ಅದೀರಿ."

ಹುಡುಗರು 'ಅಣ್ಣಾ, ಅಣ್ಣಾ' ಎಂದು ಕೂಗಿದರು. ಅವನು ಗ್ಲೌಸು ಹಾಕಿಕೊಂಡು ಗೋಲಿಗೆ ಓಡಿದ.

ನಾನು ಮ್ಯಾನೇಜರ ಕುರ್ಚಿಯಲ್ಲಿ ಕೂತು ಅತ್ತೆ. ಹದಿನೈದು ವರ್ಷ ಕಾದು ಸಿಕ್ಕ ಮೊದಲ ಅವಕಾಶವನ್ನು ಆ ಹುಡುಗ, ಮುದುಕ ಮೇಷ್ಟ್ರು ತಲೆತಗ್ಗಿಸಬಾರದೆಂದು ಕೈಬಿಡಲು ತಯಾರಾಗಿದ್ದ. ನಾನು ಅವನನ್ನು ಕೊಡ ಹುಡುಕಿಸುತ್ತ ಬಿಸಿಲಲ್ಲಿ ತಿರುಗಿಸಿದ್ದೆ. ಕಾಗದ ಹಿಡಿದು ಬಂದ ಮ್ಯಾನೇಜರು ನನ್ನ ಮುಖ ನೋಡಿ ಗಾಬರಿಯಾಗಿ, ನೀರು ಬೇಕಾ ಎಂದು ಕೇಳಿದರು. ಬೇಡ ಅಂದೆ, ಪೆನ್ನು ಕೊಡಿ ಅಂದೆ.